ಹಿಂದಲೆಯ ಗೆರೆಗೆ ಹೇರ್ ಫೈಬರ್: ಎರಡು ವರ್ಷ ಬಳಸಿದ ಮೇಲೆ

ಹೇರ್ ಫೈಬರ್ ಬಗ್ಗೆ ಸಿಗುವ ವಿಮರ್ಶೆಗಳೆಲ್ಲ ನೆತ್ತಿಯ ಸುತ್ತಲೇ ಸುತ್ತುತ್ತವೆ. ಕೂದಲು ತೆಳುವಾದ ಕಡೆ ಉದುರಿಸಿದರೆ ತುಂಬಿಕೊಂಡ ಹಾಗೆ ಕಾಣುತ್ತದೆ, ಅದು ಎಲ್ಲರಿಗೂ ಗೊತ್ತು. ಇಲ್ಲಿ ಹೇಳುತ್ತಿರುವುದು ಬೇರೆ ಬಳಕೆ. ಹೇರ್ ಟ್ರಾನ್ಸ್‌ಪ್ಲಾಂಟ್‌ಗೆಂದು ಹಿಂದಲೆಯಿಂದ ಚರ್ಮದ ಪಟ್ಟಿ ತೆಗೆದು ಹೊಲಿಯುವ ಎಫ್‌ಯುಟಿಯಲ್ಲಿ, ಒಂದು ಕಿವಿಯ ಹಿಂದಿನಿಂದ ಇನ್ನೊಂದು ಕಿವಿಯ ಹಿಂದಕ್ಕೆ ಗೆರೆ ಉಳಿಯುತ್ತದಲ್ಲ, ಅದನ್ನು ಮುಚ್ಚುವುದು. ಡಬ್ಬಿಯ ಮೇಲೆ ಬರೆದ ವಿಧಾನದಲ್ಲಿ ಈ ಕೆಲಸ ಆಗುವುದೇ ಇಲ್ಲ. ಬೇರೆ ವಿಧಾನದಲ್ಲಿ ಚೆನ್ನಾಗಿಯೇ ಆಗುತ್ತದೆ.

ಆಗದಿರುವುದಕ್ಕೆ ಕಾರಣ ಸರಳ. ಫೈಬರ್ ಅಂದರೆ ಕೆರಾಟಿನ್‌ನ ಸಣ್ಣ ಎಳೆಗಳು. ಸ್ಥಿರವಿದ್ಯುತ್ತಿನಿಂದ ಪಕ್ಕದ ಕೂದಲಿಗೆ ಅಂಟಿಕೊಳ್ಳುತ್ತವೆ. ಗಾಯದ ಗೆರೆಯಲ್ಲಿ ಕೂದಲಿನ ಬುಡವೂ ಇಲ್ಲ, ಜಿಡ್ಡಿನ ಗ್ರಂಥಿಯೂ ಇಲ್ಲ. ನುಣುಪು ಚರ್ಮದ ಮೇಲೆ ಬಿದ್ದ ಎಳೆ ಜಾರಿ ಕಾಲರ್ ಸೇರುತ್ತದೆ. ಗೆರೆ ಎದ್ದು ಕಾಣುವುದಕ್ಕೆ ಬಣ್ಣಕ್ಕಿಂತ ಹೊಳಪೇ ಹೆಚ್ಚು ಕಾರಣ ಎಂಬುದನ್ನೂ ಬಹಳ ಜನ ಗಮನಿಸಿರುವುದಿಲ್ಲ. ಟ್ಯೂಬ್‌ಲೈಟ್ ಕೆಳಗೆ ನಿಂತಾಗ ಹಿಂದಿನವರ ಕಣ್ಣಿಗೆ ಬೀಳುವುದು ಆ ಹೊಳಪು. ಮೊದಲು ಹೊಳಪನ್ನು ಕೊಲ್ಲಬೇಕು, ಫೈಬರ್ ಆಮೇಲೆ.

ಅದಕ್ಕೆ ಬೇಕಾದದ್ದು ಸ್ಕಾಲ್ಪ್ ಪೌಡರ್, ಅಂದರೆ ತಲೆಯ ಚರ್ಮಕ್ಕೆ ಹಚ್ಚುವ ಕೂದಲ ಬಣ್ಣದ ಪುಡಿ. ಕಾಂಪ್ಯಾಕ್ಟ್ ಹಾಗೆ ಒತ್ತಿ ಗಟ್ಟಿ ಮಾಡಿದ ಬಿಲ್ಲೆಯಾಗಿ ಸಿಗುತ್ತದೆ. ತಲೆ ಪೂರ್ತಿ ಒಣಗಿರಬೇಕು. ಟವೆಲ್‌ನಲ್ಲಿ ಒರೆಸಿದ ಮೇಲೂ ಫ್ಯಾನಿನ ಕೆಳಗೆ ಹದಿನೈದು ನಿಮಿಷ ಕೂರುವುದು ಒಳ್ಳೆಯದು, ತೇವ ಇದ್ದರೆ ಎಳೆಗಳು ಗಂಟುಕಟ್ಟುತ್ತವೆ. ಗೆರೆಯ ಮೇಲಿನ ಕೂದಲನ್ನು ಬಾಚಿ ಎತ್ತಿ ಎರಡು ಕ್ಲಿಪ್ ಹಾಕಬೇಕು. ಸ್ಪಂಜಿನ ತುದಿಯನ್ನು ಒದ್ದೆ ಮಾಡಿ ಹಿಂಡಿ, ಬಿಲ್ಲೆಯ ಮೇಲೆ ಒಂದೆರಡು ಸಲ ಉಜ್ಜಿ, ಗೆರೆಯ ಮೇಲೆ ಮಾತ್ರ ಒತ್ತಿ ಒತ್ತಿ ಹಚ್ಚಬೇಕು. ಎಳೆದರೆ ಪಟ್ಟೆ ಮೂಡುತ್ತದೆ. ಕನ್ನಡಿಗೆ ಬೆನ್ನು ಹಾಕಿ ಇನ್ನೊಂದು ಕೈಗನ್ನಡಿ ಹಿಡಿಯುವ ಕಸರತ್ತಿನಲ್ಲಿ ಎಡಬಲ ತಪ್ಪುತ್ತದೆ. ಫೋನನ್ನು ಹಿಂದೆ ಶೆಲ್ಫಿನಲ್ಲಿಟ್ಟು ವಿಡಿಯೊ ಮಾಡಿ ನೋಡುವುದೇ ಸುಲಭ.

ಎರಡು ನಿಮಿಷ ಒಣಗಲು ಬಿಟ್ಟು ಕ್ಲಿಪ್ ತೆಗೆದು ಕೂದಲು ಕೆಳಗೆ ಬಾಚಿದ ಮೇಲೆ ಫೈಬರ್. ಡಬ್ಬಿಯಿಂದ ನೇರ ಉದುರಿಸುವುದು ನೆತ್ತಿಗೆ ಸರಿ. ಹಿಂದಲೆ ಗೋಡೆಯ ಹಾಗೆ ನೆಟ್ಟಗಿರುವುದರಿಂದ ಅರ್ಧಕ್ಕರ್ಧ ನೆಲದ ಪಾಲು. ಮುಚ್ಚಳದಲ್ಲಿ ಒಂದು ಚಿಟಿಕೆ ಸುರಿದುಕೊಂಡು, ಕೆನ್ನೆಗೆ ಬಣ್ಣ ಹಚ್ಚುವ ಮೆತ್ತನೆಯ ಬ್ರಷ್‌ನಿಂದ ತಟ್ಟಿದರೆ ವ್ಯರ್ಥವಾಗುವುದಿಲ್ಲ. ಕೊನೆಗೆ ಒಂದು ಗೇಣು ದೂರದಿಂದ, ಎಳೆಗಳು ಕದಲದಂತೆ ಹಿಡಿದಿಡುವ ಹೋಲ್ಡ್ ಸ್ಪ್ರೇ. ಕತ್ತಿನ ಮೇಲೆ ಉದುರಿದ್ದನ್ನು ಒಣ ಬಟ್ಟೆಯಲ್ಲೇ ಕೊಡವಬೇಕು, ಒದ್ದೆ ಬಟ್ಟೆ ತಾಗಿಸಿದರೆ ಮಸಿ ಬಳಿದ ಹಾಗಾಗುತ್ತದೆ. ಅಂಗಿ ಹಾಕುವುದು ಎಲ್ಲ ಮುಗಿದ ಮೇಲೆ, ಅದೂ ಗುಂಡಿಯ ಅಂಗಿ. ಟಿ-ಶರ್ಟ್ ತಲೆಯ ಮೇಲಿಂದ ಎಳೆದರೆ ಅಷ್ಟೂ ಶ್ರಮ ಹೋಯಿತು. ಕೈ ಪಳಗಿದ ಮೇಲೆ ಎಲ್ಲಾ ಸೇರಿ ಆರೇಳು ನಿಮಿಷದ ಕೆಲಸ. ಗೆರೆಗೆ ಮಾತ್ರ ಬಳಸಿದರೆ ಒಂದು ಡಬ್ಬಿ ನಾಲ್ಕು ತಿಂಗಳು ಬರುತ್ತದೆ. ನೆತ್ತಿಗೆ ಬಳಸುವವರ ಖರ್ಚಿಗೆ ಹೋಲಿಸಿದರೆ ಇದು ಏನೂ ಅಲ್ಲ, ತಿಂಗಳ ಬಜೆಟ್ ನೋಡಿ ಬಳಸುವವರಿಗೆ ಇದು ದೊಡ್ಡ ಮಾತು.

ಬಣ್ಣ ಆರಿಸುವಾಗ ನಮ್ಮವರು ಕಣ್ಣು ಮುಚ್ಚಿ ಕಪ್ಪು ತೆಗೆದುಕೊಳ್ಳುತ್ತಾರೆ. ಬಿಸಿಲಿನಲ್ಲಿ ನಮ್ಮ ಕೂದಲಿಗೂ ಕಂದು ಛಾಯೆ ಇರುತ್ತದೆ. ಕಡುಗಪ್ಪು ಫೈಬರ್ ಹೊರಗೆ ಹೋದಾಗ ಶಾಯಿಯ ಗೀಟಿನ ಹಾಗೆ ಎದ್ದು ಕಾಣುತ್ತದೆ. ಕಪ್ಪು ಮತ್ತು ಗಾಢ ಕಂದು ಬೆರೆಸಿ. ಕಿವಿಯ ಬಳಿ ನರೆ ಶುರುವಾಗಿದ್ದರೆ ಅಲ್ಲಿ ಬೂದು ಬೆರೆಸಲೇಬೇಕು. ಅಗ್ಗದ ಡಬ್ಬಿ ಕೊಂಡರೆ ಬಳಸುವ ಮುನ್ನ ಎರಡು ಪರೀಕ್ಷೆ: ಒಂದು ಚಿಟಿಕೆ ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟಾಗ ನೀರು ಬಣ್ಣ ತಿರುಗಿದರೆ ಬೆವರಿನಲ್ಲೂ ಹಾಗೇ ಇಳಿಯುತ್ತದೆ. ಸ್ವಲ್ಪ ಸುಟ್ಟಾಗ ಕೂದಲು ಸುಟ್ಟ ವಾಸನೆ ಬಂದರೆ ಕೆರಾಟಿನ್, ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ.

ಇಲ್ಲಿಂದ ಮುಂದೆ ದೂರು.

ಹೆಲ್ಮೆಟ್ ಹಾಕುವವರಿಗೆ ಫೈಬರ್ ಆಗಿಬರುವುದಿಲ್ಲ. ಹೆಲ್ಮೆಟ್‌ನ ಹಿಂದಿನ ಪ್ಯಾಡ್ ಒತ್ತುವುದು ಸರಿಯಾಗಿ ಗೆರೆ ಇರುವ ಜಾಗವನ್ನೇ. ಸಿಗ್ನಲ್‌ನಲ್ಲಿ ನಿಂತು ನಿಂತು ಆಫೀಸು ತಲುಪುವ ಹೊತ್ತಿಗೆ ಎಳೆಗಳು ಪ್ಯಾಡಿನಲ್ಲಿರುತ್ತವೆ, ಗೆರೆ ಬಯಲಾಗಿರುತ್ತದೆ. ಒಳಗೆ ತೆಳು ಟೋಪಿ ಹಾಕಿದರೂ ಲಾಭ ಅಷ್ಟಕ್ಕಷ್ಟೆ. ಬೈಕಿನ ದಿನ ಪೌಡರ್ ಮಾತ್ರ ಹಚ್ಚಿ, ಅದು ಉಜ್ಜಾಟವನ್ನು ಹೆಚ್ಚು ತಡೆಯುತ್ತದೆ. ಕುಂಕುಮದ ಭರಣಿಯಷ್ಟು ಡಬ್ಬಿಯಲ್ಲಿ ಫೈಬರ್ ಒಯ್ದು, ತಲುಪಿದ ಮೇಲೆ ತಟ್ಟಿಕೊಳ್ಳಬಹುದು. ಮಂಗಳೂರು, ಉಡುಪಿ ಕಡೆಯ ಸೆಕೆಯಲ್ಲಿ ಬೆವರು ಬಂದರೆ ಕರವಸ್ತ್ರ ಒತ್ತಿ ಹಿಡಿಯಿರಿ, ಒರೆಸಬೇಡಿ. ಎಣ್ಣೆಸ್ನಾನದ ಅಭ್ಯಾಸ ಇರುವವರು ಶನಿವಾರ ರಾತ್ರಿಗೆ ಇಟ್ಟುಕೊಂಡರೆ ಭಾನುವಾರ ಇನ್ನೊಮ್ಮೆ ಶಾಂಪೂ ಹಾಕಲು ಸಮಯ ಸಿಗುತ್ತದೆ. ಜಿಡ್ಡು ಉಳಿದ ಕೂದಲಿನಲ್ಲಿ ಫೈಬರ್ ಮುದ್ದೆಯಾಗುತ್ತದೆ. ರಾತ್ರಿ ತೊಳೆಯದೆ ಮಲಗಬಾರದು.

ಇನ್ನೊಂದು ಮಿತಿ ಗೆರೆಯ ಅಗಲ. ಒಂದೆರಡು ಮಿಲಿಮೀಟರ್ ಗೆರೆಗೆ ಈ ಡಬ್ಬಿಯೇ ಬೇಡ, ಹಿಂದೆ ಕೂದಲು ಸ್ವಲ್ಪ ಉದ್ದ ಬಿಟ್ಟರೆ ಸಾಕು. ಕಟಿಂಗ್ ಶಾಪಿನಲ್ಲಿ ‘ಹಿಂದೆ ನಾಲ್ಕನೇ ನಂಬರಿಗಿಂತ ಕೆಳಗೆ ಬೇಡ, ಫೇಡ್ ಗೆರೆಯ ಕೆಳಗೇ ನಿಲ್ಲಲಿ’ ಎಂದು ಕುರ್ಚಿಯಲ್ಲಿ ಕೂರುವ ಮುಂಚೆಯೇ ಹೇಳಿ. ಮೆಷಿನ್ನಿನ ನಾಲ್ಕನೇ ನಂಬರ್ ಅಂದರೆ ಸುಮಾರು 13 ಮಿಲಿಮೀಟರ್ ಉದ್ದ. ಫೇಡ್ ಅಂದರೆ ಕೆಳಗೆ ಹೋದಂತೆ ಕೂದಲು ಗಿಡ್ಡವಾಗುತ್ತಾ ಹೋಗುವ ಕಟಿಂಗ್. ಗೆರೆ ಐದಾರು ಮಿಲಿಮೀಟರ್ ಹಿಗ್ಗಿದ್ದರೆ ಫೈಬರ್ ಏದುಸಿರು ಬಿಡುತ್ತದೆ. ಪಟ್ಟಿ ಅಗಲವಾಗಿ ತೆಗೆದು ಬಿಗಿದು ಹೊಲಿದಾಗ, ಪದೇ ಪದೇ ಪಟ್ಟಿ ತೆಗೆದಾಗ, ಗೆರೆ ಹೆಡತಲೆಯ ಹತ್ತಿರ ಇಳಿದಿದ್ದಾಗ ಹೀಗೆ ಹಿಗ್ಗುತ್ತದೆ. ಪಟ್ಟಿ ತೆಗೆಯದೆ ಕೂದಲಿನ ಬುಡಗಳನ್ನು ಒಂದೊಂದಾಗಿ ತೆಗೆಯುವ ಎಫ್‌ಯುಇಯಲ್ಲಿ ಉಳಿಯುವ ಚುಕ್ಕೆಗಳಿಗಾದರೆ ಫೈಬರ್ ಸಲೀಸು. ಪ್ರತಿ ಬಿಳಿಚುಕ್ಕೆಯ ಸುತ್ತ ಹಿಡಿದುಕೊಳ್ಳಲು ಕೂದಲು ಇರುತ್ತದೆ, ತೀರಾ ಗುಂಡು ಕಟಿಂಗ್ ಮಾಡಿಸದಿದ್ದರೆ ಆಯಿತು.

ಹೊಸ ಗಾಯದ ಮೇಲೆ ಇದ್ಯಾವುದನ್ನೂ ಹಚ್ಚಬೇಡಿ. ಹೊಲಿಗೆ ಬಿಚ್ಚಿ, ಗಾಯ ಪೂರ್ತಿ ಮುಚ್ಚಿ, ವೈದ್ಯರು ನೋಡಿ ಸರಿ ಎಂದ ಮೇಲೆ ಮಾತ್ರ. ಗೆರೆ ಉಬ್ಬುತ್ತಾ ತುರಿಕೆ ಬಂದರೆ ಮುಚ್ಚಿಡುವುದನ್ನು ಬಿಟ್ಟು ಚರ್ಮದ ವೈದ್ಯರ ಹತ್ತಿರ ಹೋಗಿ. ಕೀಲಾಯ್ಡ್, ಅಂದರೆ ಗಾಯದ ಗುರುತು ಗಟ್ಟಿಯಾಗಿ ಉಬ್ಬಿ ಬೆಳೆಯುವುದು, ಆಗಿದ್ದರೆ ಅದಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಇದೆ.

ಡಬ್ಬಿಯಿಂದ ಆಗದ ಒಂದು ದಿನದ ಬಗ್ಗೆ ಶಸ್ತ್ರಚಿಕಿತ್ಸೆಗೆ ಮೊದಲೇ ಯೋಚಿಸಬೇಕು. ತಿರುಪತಿಗೋ ಧರ್ಮಸ್ಥಳಕ್ಕೋ ಮುಡಿಯ ಹರಕೆ ಇರುವ ಮನೆಗಳಿವೆ. ಅಪ್ಪ ಅಮ್ಮ ತೀರಿಕೊಂಡಾಗ ಮಗ ತಲೆ ಬೋಳಿಸಬೇಕಾದ ಮನೆಗಳು ಇನ್ನೂ ಹೆಚ್ಚು. ನೆಂಟರೆಲ್ಲ ಸೇರಿರುವ, ಮನಸ್ಸು ಮೊದಲೇ ಕುಸಿದಿರುವ ಹೊತ್ತಿಗೆ ಆ ಗೆರೆ ಪೂರ್ತಿ ತೆರೆದುಕೊಳ್ಳುತ್ತದೆ. ಅಂಥ ಮನೆಯವರು ಎಫ್‌ಯುಟಿಗೆ ಒಪ್ಪುವ ಮುಂಚೆ ಇದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಈಗಾಗಲೇ ಗೆರೆ ಇದ್ದರೆ ಸ್ಕಾಲ್ಪ್ ಮೈಕ್ರೊಪಿಗ್ಮೆಂಟೇಶನ್ ಇದೆ. ಚರ್ಮದೊಳಗೆ ಚುಕ್ಕೆ ಚುಕ್ಕೆಯಾಗಿ ಬಣ್ಣ ಇಡುವುದು. ಗಾಯದ ಚರ್ಮದಲ್ಲಿ ಬಣ್ಣ ಹರಡುವ ಅಪಾಯ ಹೆಚ್ಚು, ಆದ್ದರಿಂದ ಒಂದೇ ಸಲಕ್ಕೆ ತುಂಬಿಸದೆ ಎರಡು ಮೂರು ಸಿಟ್ಟಿಂಗ್‌ನಲ್ಲಿ ಮಾಡುವವರನ್ನು, ಗೆರೆಯ ಮೇಲೆ ಮಾಡಿ ಒಂದು ವರ್ಷ ಆದ ಮೇಲಿನ ಫೋಟೊ ತೋರಿಸುವವರನ್ನು ಹುಡುಕಿ. ಗೆರೆ ಬಲಿಯಲು ಒಂದು ವರ್ಷವಾದರೂ ಕಾಯಬೇಕು. ಕೆಲವು ವರ್ಷಕ್ಕೊಮ್ಮೆ ಮತ್ತೆ ಬಣ್ಣ ತುಂಬಿಸಬೇಕಾಗುತ್ತದೆ.

ಅದೂ ಮಾಡಿಸಿಲ್ಲದಿದ್ದರೆ, ಮುಡಿ ತೆಗೆಯುವವರಿಗೆ ಗೆರೆ ಎಲ್ಲಿದೆ ಎಂದು ಮೊದಲೇ ಬೆರಳಿಟ್ಟು ತೋರಿಸಿ, ಉಬ್ಬು ತಗ್ಗಿನಲ್ಲಿ ಬ್ಲೇಡು ಸಿಕ್ಕಿಕೊಳ್ಳುತ್ತದೆ. ಬಿಸಿಲಿಗೆ ಟೋಪಿಯೋ ಶಲ್ಯವೋ ಇರಲಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಐದು ವಾರ ಕಳೆದ ಮೇಲೆ ಡಬ್ಬಿ ಹೊರಗೆ ತೆಗೆಯಬಹುದು.