ಡಾಲರ್ ಚಿಹ್ನೆ ಇರುವ ಪಾಸ್‌ವರ್ಡ್: ಜೆಂಕಿನ್ಸ್, ಗಿಟ್‌ಹಬ್ ಆಕ್ಷನ್ಸ್, ಗಿಟ್‌ಲ್ಯಾಬ್ ಮೂರರಲ್ಲೂ ನೋಡಿದ್ದು

ಬದಿಯಡ್ಕದ ಹತ್ತಿರ ನಮ್ಮ ಮನೆಯ ಮಾಳಿಗೆಯಲ್ಲಿ ಕೂತು ನಾನೂ ಭಾವನೂ ಅಡಿಕೆ ವ್ಯಾಪಾರಿಗಳಿಗೆ ಒಂದು ಲೆಕ್ಕದ ಆ್ಯಪ್ ಮಾಡುತ್ತೇವೆ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಅಡಿಕೆಯ ದರ್ಜೆಗಳಲ್ಲಿ ಯಾವುದು ಎಷ್ಟು ಕಿಲೋ ಬಂತು, ಯಾವ ದರಕ್ಕೆ ಹೋಯಿತು ಎಂದು ಬರೆದಿಡುವುದು ಅದರ ಕೆಲಸ. ಕಾಸರಗೋಡಿನಲ್ಲಿ ಒಂದೇ ಭಾಷೆಯಲ್ಲಿ ಕೊಟ್ಟರೆ ಸಾಲದು. ಅಂಗಡಿಯ ಧಣಿ ಕನ್ನಡ ಓದುತ್ತಾರೆ, ಲೆಕ್ಕ ಬರೆಯುವವರು ಮಲಯಾಳ ಓದುತ್ತಾರೆ. ಹಾಗಾಗಿ ಪ್ರತಿ ಸಲವೂ ಎರಡು ಬಿಲ್ಡ್ ಬೇಕು, ಅಂದರೆ ಕೋಡ್‌ನಿಂದ ಎರಡು ಆ್ಯಪ್ ತಯಾರಾಗಬೇಕು. ಕೋಡ್ ಒಂದೇ. ಭಾಷೆ ಯಾವುದು, ಆವೃತ್ತಿ ಸಂಖ್ಯೆ ಎಷ್ಟು, ಅಪ್‌ಲೋಡ್ ಮಾಡುವ ಸರ್ವರ್‌ನ ಪಾಸ್‌ವರ್ಡ್ ಏನು ಎಂಬುದನ್ನೆಲ್ಲ ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ, ಅಂದರೆ ಒಂದು ಹೆಸರು, ಅದಕ್ಕೊಂದು ಬೆಲೆ (ವ್ಯಾಲ್ಯೂ) ಎಂದು, ಹೊರಗಿನಿಂದ ಕೊಡುತ್ತೇವೆ.

ಈ ಬಿಲ್ಡ್ ತಾನಾಗಿ ಆಗುವಂತೆ ಮಾಡಲು ಮೊದಲು ಮನೆಯ ಹಳೆ ಡೆಸ್ಕ್‌ಟಾಪ್‌ನಲ್ಲಿ ಜೆಂಕಿನ್ಸ್ ಇತ್ತು. ಆಮೇಲೆ ಗಿಟ್‌ಹಬ್ ಆಕ್ಷನ್ಸ್‌ಗೆ ಹೋದೆವು. ಈಗ ಗಿಟ್‌ಲ್ಯಾಬ್‌ನಲ್ಲಿದ್ದೇವೆ. ಮೂರರ ವೇಗ, ಖರ್ಚು, ಅಂದ ಹೋಲಿಸುವ ಬರಹಗಳು ಬೇಕಾದಷ್ಟಿವೆ. ನಾನು ನೋಡಿದ್ದು ಒಂದೇ ವಿಷಯ: ವೇರಿಯಬಲ್‌ಗೆ ನಾನು ಕೊಟ್ಟ ಬೆಲೆ, ಕೊಟ್ಟ ಹಾಗೆಯೇ, ಬೇಕಾದ ಕಡೆ ಮಾತ್ರ ತಲುಪುತ್ತದಾ? ತಲುಪದಿದ್ದರೆ ಹೇಳುತ್ತದಾ?

ಮೊದಲು ಪಾಸ್‌ವರ್ಡ್. ನಮ್ಮ ಪಾಸ್‌ವರ್ಡ್ ಮಧ್ಯದಲ್ಲಿ ಒಂದು ಡಾಲರ್ ಚಿಹ್ನೆ, ಅದರ ನಂತರವೇ ಮೂರು ಇಂಗ್ಲಿಷ್ ಅಕ್ಷರ ಇದ್ದವು. ಕೈಯಲ್ಲಿ ಟೈಪ್ ಮಾಡಿದರೆ ಲಾಗಿನ್ ಆಗುತ್ತದೆ, ಬಿಲ್ಡ್‌ನಲ್ಲಿ ಮಾತ್ರ ಸರ್ವರ್ 401 ಎನ್ನುತ್ತದೆ, ಅಂದರೆ ಲಾಗಿನ್ ಒಪ್ಪುವುದಿಲ್ಲ. ಜೆಂಕಿನ್ಸ್ ಪೈಪ್‌ಲೈನ್‌ನಲ್ಲಿ ಶೆಲ್ ಕಮಾಂಡನ್ನು ನಾನು ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆದಿದ್ದೆ. ಹಾಗೆ ಬರೆದರೆ ಪೈಪ್‌ಲೈನ್ (ಬಿಲ್ಡ್‌ನ ಹೆಜ್ಜೆಗಳ ಪಟ್ಟಿ) ಬರೆಯುವ ಗ್ರೂವಿ ಭಾಷೆಯೇ ಮೊದಲು ಪಾಸ್‌ವರ್ಡನ್ನು ಆ ಸಾಲಿಗೆ ತುಂಬಿಸಿಬಿಡುತ್ತದೆ. ಆಮೇಲೆ ಕಮಾಂಡ್ ಓಡಿಸುವ ಶೆಲ್ ಅದನ್ನು ಓದುತ್ತದೆ. ಡಾಲರ್ ಕಂಡ ಕೂಡಲೇ ಇದೊಂದು ವೇರಿಯಬಲ್ ಹೆಸರು ಎಂದುಕೊಳ್ಳುತ್ತದೆ. ಆ ಹೆಸರಿನದ್ದು ಏನೂ ಇಲ್ಲ, ಆದ್ದರಿಂದ ಅಷ್ಟು ಅಕ್ಷರ ಮಾಯ. ಒಂಟಿ ಉದ್ಧರಣ ಚಿಹ್ನೆಗೆ ಬದಲಾಯಿಸಿದೆ, ಸರಿಯಾಯಿತು. ಜೋಡಿ ಚಿಹ್ನೆಯಲ್ಲಿ ಇನ್ನೂ ದೊಡ್ಡ ಅಪಾಯ ಇದೆ. ಪಾಸ್‌ವರ್ಡ್ ಕಮಾಂಡಿನ ಭಾಗವೇ ಆಗುವುದರಿಂದ ಆ ಯಂತ್ರದ ಪ್ರೋಸೆಸ್ ಪಟ್ಟಿಯಲ್ಲಿ ಕಾಣಿಸಬಹುದು. ಜೆಂಕಿನ್ಸ್ ಲಾಗ್‌ನಲ್ಲಿ ಇದರ ಬಗ್ಗೆ ಎಚ್ಚರಿಕೆ ಬರೆದಿತ್ತು. ಎಷ್ಟೋ ದಿನ ನಾನು ಅದನ್ನು ಓದಿಯೇ ಇರಲಿಲ್ಲ.

ಗಿಟ್‌ಹಬ್‌ನಲ್ಲಿಯೂ ಅದೇ ಪಾಸ್‌ವರ್ಡ್ ಇಟ್ಟೆ. ಸೀಕ್ರೆಟ್ಟನ್ನು (ಅಲ್ಲಿ ಗುಟ್ಟಾಗಿ ಇಟ್ಟ ಬೆಲೆ) ಜೋಡಿ ಪುಷ್ಪಾವರಣದೊಳಗೆ ನೇರವಾಗಿ ಸ್ಕ್ರಿಪ್ಟ್ ಸಾಲಿನಲ್ಲೇ ಬರೆದರೆ ಮತ್ತೆ ಅದೇ ಕಥೆ. ಶೆಲ್ ಕೈಗೆ ಸಿಗುವ ಮೊದಲೇ ಅದು ಪಠ್ಯವಾಗಿ ಸೇರಿಕೊಂಡಿರುತ್ತದೆ. ಆ ಸ್ಟೆಪ್‌ನ (ಬಿಲ್ಡ್‌ನ ಒಂದು ಹೆಜ್ಜೆ) ಎನ್ವ್ ಭಾಗದಲ್ಲಿ ಹೆಸರು ಕೊಟ್ಟು, ಸ್ಕ್ರಿಪ್ಟ್‌ನಲ್ಲಿ ಆ ಹೆಸರನ್ನು ಮಾತ್ರ ಬಳಸಿದರೆ ಡಾಲರ್ ಹಾಗೆಯೇ ಉಳಿಯುತ್ತದೆ. ಇದು ಪಾಸ್‌ವರ್ಡ್‌ಗೆ ಮಾತ್ರ ಅಲ್ಲ. ಪುಲ್ ರಿಕ್ವೆಸ್ಟ್‌ನ (ನನ್ನ ಕೋಡ್ ಸೇರಿಸಿಕೊಳ್ಳಿ ಎಂಬ ಕೋರಿಕೆ) ಶೀರ್ಷಿಕೆಯಂಥ ಹೊರಗಿನವರು ಬರೆದ ಪಠ್ಯವನ್ನೂ ಹೀಗೆಯೇ ಕೊಡಬೇಕು. ಇಲ್ಲದಿದ್ದರೆ ಅವರು ಬರೆದ ಕಮಾಂಡ್ ನಮ್ಮ ಬಿಲ್ಡ್‌ನಲ್ಲಿ ಓಡುತ್ತದೆ.

ಗಿಟ್‌ಲ್ಯಾಬ್‌ನಲ್ಲಿ ತೊಂದರೆ ಬೇರೆ ಕಡೆ ಇತ್ತು. ಸೆಟ್ಟಿಂಗ್ಸ್‌ನಲ್ಲಿ ವೇರಿಯಬಲ್ ಸೇರಿಸುವಾಗ ಡಾಲರ್ ಕಂಡರೆ ಬಿಡಿಸಿ ಓದುವ ಆಯ್ಕೆ ಒಂದಿದೆ. ಅದು ಟಿಕ್ ಆಗಿದ್ದರೆ ಸ್ಕ್ರಿಪ್ಟ್ ಎಷ್ಟು ಸರಿ ಇದ್ದರೂ ಪಾಸ್‌ವರ್ಡ್ ಮೊದಲೇ ತುಂಡಾಗಿ ಬರುತ್ತದೆ. ಆದರೆ ಒಂದು ಒಳ್ಳೆಯದಿದೆ. ಲಾಗ್‌ನಲ್ಲಿ ಮರೆಮಾಚು ಎಂಬ ಆಯ್ಕೆಯನ್ನೂ ಒತ್ತಿದರೆ ಅದು ಸೇವ್ ಮಾಡಲು ಒಪ್ಪುವುದೇ ಇಲ್ಲ, ಈ ಚಿಹ್ನೆ ಆಗದು ಎನ್ನುತ್ತದೆ. ಬಿಡಿಸಿ ಓದುವ ಟಿಕ್ ತೆಗೆದೆ, ಎರಡೂ ಸರಿಯಾಯಿತು. ಕೆಲಸ ಕೆಡುವ ಮೊದಲೇ ತಡೆದದ್ದು ಮೂರರಲ್ಲಿ ಇದೊಂದೇ.

ಎರಡನೆಯದು ಆವೃತ್ತಿ ಸಂಖ್ಯೆ. ಮೊದಲ ಜಾಬ್ (ಕೆಲವು ಸ್ಟೆಪ್‌ಗಳ ಒಂದು ಗುಂಪು) ಲೆಕ್ಕ ಹಾಕಿ ಕೊಡುತ್ತದೆ, ಕನ್ನಡದ ಬಿಲ್ಡ್‌ಗೂ ಮಲಯಾಳದ ಬಿಲ್ಡ್‌ಗೂ ಅದೇ ಸಂಖ್ಯೆ ಹೋಗಬೇಕು. ಜೆಂಕಿನ್ಸ್‌ನಲ್ಲಿ ಕಮಾಂಡಿನ ಉತ್ತರವನ್ನು ಹಿಡಿದು ವೇರಿಯಬಲ್‌ಗೆ ಹಾಕುವುದು ಸುಲಭ. ಟ್ರಿಮ್ ಮಾಡಲು (ತುದಿಯ ಖಾಲಿ ಜಾಗ ಕತ್ತರಿಸಲು) ಮಾತ್ರ ಮರೆಯಬಾರದು, ಮರೆತರೆ ಸಂಖ್ಯೆಯ ಬಾಲಕ್ಕೆ ಹೊಸ ಸಾಲು ಅಂಟಿಕೊಂಡು ಕಡತದ ಹೆಸರು ಎರಡು ತುಂಡಾಗುತ್ತದೆ. ಗಿಟ್‌ಹಬ್‌ನಲ್ಲಿ ಒಂದು ಸ್ಟೆಪ್‌ನಿಂದ ಮುಂದಿನದಕ್ಕೆ ಕೊಡಲು ಗಿಟ್‌ಹಬ್ ಎನ್ವ್ ಎಂಬ ಕಡತಕ್ಕೆ ಒಂದು ಸಾಲು ಸೇರಿಸಬೇಕು. ಬರೆದ ಸ್ಟೆಪ್‌ನಲ್ಲೇ ಅದು ಸಿಗುವುದಿಲ್ಲ, ಮುಂದಿನದರಲ್ಲಿ ಸಿಗುತ್ತದೆ. ಬೇರೆ ಜಾಬ್‌ಗಂತೂ ಹೋಗುವುದೇ ಇಲ್ಲ. ಅದಕ್ಕೆ ಔಟ್‌ಪುಟ್ ಎಂದು ಬೇರೆಯಾಗಿ ಘೋಷಿಸಬೇಕು, ಪಡೆಯುವ ಜಾಬ್‌ನಲ್ಲಿ ನೀಡ್ಸ್ ಎಂದು ಬರೆಯಬೇಕು. ಲಾಗ್‌ಗೆ ಒಂದು ಸಾಲು ಮುದ್ರಿಸಿ ವೇರಿಯಬಲ್ ಇಡುವ ಹಳೆ ಸೆಟ್ ಎನ್ವ್ ವಿಧಾನ ಈಗಲೂ ಹಳೆಯ ಪಾಠಗಳಲ್ಲಿ ಸಿಗುತ್ತದೆ. ಲಾಗ್‌ಗೆ ಏನಾದರೂ ಬರೆಸಬಲ್ಲವರು ಯಾರೇ ಆದರೂ ನಮ್ಮ ವೇರಿಯಬಲ್ ಬದಲಿಸಬಹುದು ಎಂದು ಕಂಡುಬಂದು 2020ರ ನವೆಂಬರ್‌ನಲ್ಲೇ ಅದನ್ನು ಮುಚ್ಚಿದ್ದಾರೆ.

ಗಿಟ್‌ಲ್ಯಾಬ್‌ನಲ್ಲಿ ಹೆಸರು, ಸಮ ಚಿಹ್ನೆ, ಬೆಲೆ ಎಂದು ಒಂದು ಕಡತದಲ್ಲಿ ಬರೆದು ಡಾಟ್‌ಎನ್ವ್ ವರದಿಯಾಗಿ ಕೊಟ್ಟರೆ ಮುಂದಿನ ಹಂತದ ಜಾಬ್‌ಗಳಿಗೆ ತಾನಾಗಿ ಸಿಗುತ್ತದೆ. ನಮ್ಮಂಥ ಎರಡು ಭಾಷೆಯ ಬಿಲ್ಡ್‌ಗೆ ಇದರಷ್ಟು ಹಿತ ಬೇರೆ ಇಲ್ಲ. ಒಂದೇ ಜಾಬ್‌ನ ಸ್ಕ್ರಿಪ್ಟ್ ಸಾಲುಗಳೆಲ್ಲ ಒಂದೇ ಶೆಲ್‌ನಲ್ಲಿ ಓಡುವುದರಿಂದ ಎಕ್ಸ್‌ಪೋರ್ಟ್ ಮಾಡಿದ್ದು ಕೆಳಗಿನ ಸಾಲಿಗೂ ಸಿಗುತ್ತದೆ. ಉಳಿದ ಎರಡರಲ್ಲಿ ಪ್ರತಿ ಸ್ಟೆಪ್‌ಗೂ ಹೊಸ ಶೆಲ್.

ಭಾಷೆಯ ವೇರಿಯಬಲ್‌ನ ಕಥೆ ಹೇಳಲೇಬೇಕು. ಜೆಂಕಿನ್ಸ್ ಕಾಲದಲ್ಲಿ ನಾನು ಅದಕ್ಕೆ ಲ್ಯಾಂಗ್ ಎಂದು ಹೆಸರಿಟ್ಟು, ಇಡೀ ಪೈಪ್‌ಲೈನ್‌ಗೆ ಅನ್ವಯವಾಗುವಂತೆ ಮೇಲ್ಗಡೆಯೇ ಬರೆದೆ. ರಾತ್ರಿ ಭಾವ ಫೋನ್ ಮಾಡಿ, “ಭಾವ, ಕರಿಗೋಟು ಇದ್ದ ಜಾಗದಲ್ಲಿ ಪೂರಾ ಪ್ರಶ್ನೆ ಚಿಹ್ನೆ ಬಂದಿದೆಯಲ್ಲ!” ಎಂದ. ಎಣಿಸಿದೆ, 21 ಇದ್ದವು. ಆ ಪದದಲ್ಲಿ ಯೂನಿಕೋಡ್ ಲೆಕ್ಕಕ್ಕೆ 7 ಸಂಕೇತ, ಒಂದೊಂದಕ್ಕೆ 3 ಬೈಟ್. ಪ್ರತಿ ಬೈಟೂ ಒಂದು ಪ್ರಶ್ನೆ ಚಿಹ್ನೆಯಾಗಿತ್ತು. ಲ್ಯಾಂಗ್ ಎನ್ನುವುದು ಲಿನಕ್ಸ್ ತನ್ನ ಭಾಷೆ, ಅಕ್ಷರ ಸಂಕೇತ ತಿಳಿಯಲು ನೋಡುವ ವೇರಿಯಬಲ್. ನಾನು ಕೊಟ್ಟದ್ದು ಅದಕ್ಕೆ ಅರ್ಥವಾಗದೆ ಇಂಗ್ಲಿಷ್ ಅಕ್ಷರ ಮಾತ್ರ ತಿಳಿದ ಆಸ್ಕಿಗೆ ಇಳಿಯಿತು. ದರಪಟ್ಟಿಯ ಹೆಸರುಗಳನ್ನು ಓದುವ ನಮ್ಮ ಪುಟ್ಟ ಪ್ರೋಗ್ರಾಂ ಜಾವಾ 11ರದ್ದು. 2022ರಲ್ಲಿ ಬಂದ ಜಾವಾ 18ರಿಂದ ಎಲ್ಲ ಭಾಷೆಯ ಅಕ್ಷರ ಹಿಡಿಸುವ ಯುಟಿಎಫ್-8 ತಾನಾಗಿ ಇರುತ್ತದೆ, ಅದಕ್ಕೂ ಹಿಂದಿನವು ಲ್ಯಾಂಗ್ ಹೇಳಿದಂತೆ ಕೇಳುತ್ತವೆ. ಮಲಯಾಳದ ಬಿಲ್ಡ್ ಕೂಡ ಹೀಗೆಯೇ ಹಾಳಾಗಿತ್ತು.

ಹೆಸರು ತಪ್ಪಾದದ್ದು ನನ್ನಿಂದ. ಅದಕ್ಕಿಂತ ಜಾಸ್ತಿ ತಪ್ಪು, ಒಂದು ಸ್ಟೆಪ್‌ಗೆ ಬೇಕಾದ್ದನ್ನು ಎಲ್ಲದಕ್ಕೂ ಹಂಚಿದ್ದು. ಈ ವಿಷಯದಲ್ಲಿ ಗಿಟ್‌ಹಬ್ ನನಗೆ ಇಷ್ಟ. ವರ್ಕ್‌ಫ್ಲೋ, ಜಾಬ್, ಸ್ಟೆಪ್ ಎಂದು ಮೂರು ಮಟ್ಟ, ಒಳಗಿನದೇ ಗೆಲ್ಲುತ್ತದೆ. ಕಡತ ಓದಿದರೆ ಸಾಕು, ತಿಳಿಯುತ್ತದೆ. ಜೆಂಕಿನ್ಸ್‌ನಲ್ಲಿಯೂ ವಿತ್ ಎನ್ವ್ ಎಂದು ಸುತ್ತುವರಿದು ಬರೆಯಬಹುದು. ಗಿಟ್‌ಲ್ಯಾಬ್‌ನಲ್ಲಿ ಜಾಬ್‌ಗಿಂತ ಒಳಗಿನ ಮಟ್ಟ ಇಲ್ಲ. ಮೇಲಾಗಿ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಇಟ್ಟದ್ದು ಕಡತದಲ್ಲಿ ಬರೆದುದನ್ನು ಮೀರಿಸುತ್ತದೆ. ಭಾವ ಹಿಂದೆಂದೋ ಅಲ್ಲಿ ಇಟ್ಟಿದ್ದ ಒಂದು ಬೆಲೆಯಿಂದಾಗಿ, ಕಡತವನ್ನು ಎಷ್ಟು ತಿದ್ದಿದರೂ ಒಂದು ಇಡೀ ಸಂಜೆ ಏನೂ ಬದಲಾಗಲಿಲ್ಲ.

ಕೊನೆಗೆ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ ಏನಾಗುತ್ತದೆ? ಬೇಕೆಂದೇ ತಪ್ಪು ಬರೆದು ನೋಡಿದೆ. ಜೆಂಕಿನ್ಸ್‌ನ ಕ್ರೆಡೆನ್ಶಿಯಲ್ಸ್ (ಪಾಸ್‌ವರ್ಡ್ ಇಡುವ ಜಾಗ) ಬಳಸಿದರೆ, ಇಂಥದ್ದು ಇಲ್ಲ ಎಂದು ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಗಿಟ್‌ಹಬ್‌ನಲ್ಲಿ ಇಲ್ಲದ ಸೀಕ್ರೆಟ್ ಎಂದರೆ ಖಾಲಿ ಪಠ್ಯ. ಹೊರಗಿನವರ ಫೋರ್ಕ್‌ನಿಂದ (ನಮ್ಮ ಕೋಡ್‌ನ ಅವರ ಪ್ರತಿ) ಬಂದ ಪುಲ್ ರಿಕ್ವೆಸ್ಟ್‌ಗೂ ಸೀಕ್ರೆಟ್ ಹೋಗುವುದಿಲ್ಲ, ಅಲ್ಲಿಯೂ ಖಾಲಿ. ಗಿಟ್‌ಲ್ಯಾಬ್‌ನಲ್ಲಿಯೂ ಖಾಲಿಯೇ. ಪ್ರೊಟೆಕ್ಟೆಡ್ ಎಂದು ಗುರುತು ಹಾಕಿದ ವೇರಿಯಬಲ್ ಪ್ರೊಟೆಕ್ಟೆಡ್ ಬ್ರ್ಯಾಂಚ್‌ಗೆ (ಕೋಡ್‌ನ ಕವಲು), ಪ್ರೊಟೆಕ್ಟೆಡ್ ಟ್ಯಾಗ್‌ಗೆ ಮಾತ್ರ ಸಿಗುತ್ತದೆ, ಬೇರೆ ಬ್ರ್ಯಾಂಚ್‌ನಲ್ಲಿ ಸದ್ದಿಲ್ಲದೆ ಖಾಲಿಯಾಗಿರುತ್ತದೆ. ಇದೊಂದು ಕಾರಣಕ್ಕೆ ಜೆಂಕಿನ್ಸ್ ಬಿಡಲು ನನಗೆ ಮನಸ್ಸಿರಲಿಲ್ಲ. ಆದರೆ ಆಟಿ ತಿಂಗಳ ಮಳೆಗೆ ಕರೆಂಟು ಹೋಗಿ ಬಂದು ಆಗುವ ಮನೆಯಲ್ಲಿ ಆ ಯಂತ್ರವನ್ನೂ ಅದರ ಪ್ಲಗಿನ್‌ಗಳನ್ನೂ ನೋಡಿಕೊಳ್ಳುವುದು ಇಬ್ಬರಿಂದ ಆಗುವ ಕೆಲಸ ಅಲ್ಲ.

ಹಾಗಾಗಿ ಗಿಟ್‌ಲ್ಯಾಬ್‌ನಲ್ಲೇ ಉಳಿದು, ಎಲ್ಲದಕ್ಕೂ ಮೊದಲು ಓಡುವ ಒಂದು ಚಿಕ್ಕ ಜಾಬ್ ಸೇರಿಸಿದೆವು. ಬೇಕಾದ ವೇರಿಯಬಲ್‌ಗಳ ಹೆಸರನ್ನು ಒಂದೊಂದಾಗಿ ನೋಡುತ್ತದೆ, ಯಾವುದಾದರೂ ಖಾಲಿ ಇದ್ದರೆ ಹೆಸರು ಹೇಳಿ ನಿಲ್ಲಿಸುತ್ತದೆ. ಬೆಲೆಯನ್ನು ಮುದ್ರಿಸುವುದಿಲ್ಲ. ಹೋದ ವಾರ ಭಾವ ಹೊಸ ಬ್ರ್ಯಾಂಚ್ ಮಾಡಿ ತಳ್ಳಿದ. ಕೂಡಲೇ ಲಾಗ್‌ನಲ್ಲಿ ಕೆಂಪು ಸಾಲು ಬಂತು: “ಸರ್ವರ್ ಪಾಸ್‌ವರ್ಡ್ ಖಾಲಿ ಇದೆ. ಬ್ರ್ಯಾಂಚ್ ಪ್ರೊಟೆಕ್ಟೆಡ್ ಆಗಿದೆಯಾ ನೋಡಿ.” ಆಗಿರಲಿಲ್ಲ.