ಸಣ್ಣ ಅಂಗಡಿಗೆ ಯಾವ ಕಾರ್ಡ್ ಮಷಿನ್? ನಾಲ್ಕು ಬಗೆಯವನ್ನೂ ಬಳಸಿ ನೋಡಿದ ಮೇಲೆ

ನಮ್ಮದು ಸಾಗರದಲ್ಲಿ ಬಟ್ಟೆ ಅಂಗಡಿ. ಊರಿನ ಗಿರಾಕಿಗಳು ಹೆಚ್ಚುಕಮ್ಮಿ ಎಲ್ಲರೂ ಯುಪಿಐನಲ್ಲೇ ಮುಗಿಸುತ್ತಾರೆ. ಜೋಗ ನೋಡಲು ಬರುವವರು ಹಾಗಲ್ಲ. ಮಳೆಯಲ್ಲಿ ನೆಂದು ಬಂದು, ಮಕ್ಕಳಿಗೆ ಸ್ವೆಟರ್, ಮನೆಯವರಿಗೊಂದು ಸೀರೆ ಅಂತ ಐದಾರು ಸಾವಿರದ ಬಿಲ್ ಮಾಡಿ ಕ್ರೆಡಿಟ್ ಕಾರ್ಡ್ ಮುಂದಿಡುತ್ತಾರೆ. ಕಾರ್ಡ್ ತಗೊಳ್ಳಲ್ಲ ಅಂದರೆ ಅರ್ಧ ಬಟ್ಟೆ ಅಲ್ಲೇ ಬಿಟ್ಟು ಹೋಗುತ್ತಾರೆ. ಹಾಗಾಗಿ ನಮಗೆ ಮಷಿನ್ ಬೇಕೇ ಬೇಕು. ಬ್ಯಾಂಕಿನ ಹಳೇ ಕೀಪ್ಯಾಡ್ ಮಷಿನ್, ಆಂಡ್ರಾಯ್ಡ್ ಮಷಿನ್, ಕಾರ್ಡ್ ಟ್ಯಾಪ್ ಮಾಡುವ ಸೌಂಡ್‌ಬಾಕ್ಸ್, ಮೊಬೈಲ್‌ನಲ್ಲೇ ಕಾರ್ಡ್ ಟ್ಯಾಪ್ ಮಾಡಿಸುವ ಆ್ಯಪ್, ನಾಲ್ಕನ್ನೂ ಇದೇ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಇಟ್ಟು ಬಳಸಿದ್ದೇವೆ.

ಏಜೆಂಟ್ ಬಂದ ಕೂಡಲೇ ಎಲ್ಲರೂ ಕೇಳುವುದು "ಎಷ್ಟು ಪರ್ಸೆಂಟ್?" ಅಂತ. ಅದಕ್ಕಿಂತ ಮೊದಲು ಮಷಿನ್ ಬಾಡಿಗೆ ಕೇಳಿ. ತಿಂಗಳಿಗೆ 400 ರೂಪಾಯಿ ಬಾಡಿಗೆ ಅಂತ ಇಟ್ಟುಕೊಳ್ಳಿ, ಜಿಎಸ್‌ಟಿ ಸೇರಿ 472. ತಿಂಗಳಿಗೆ ಕಾರ್ಡ್‌ನಲ್ಲಿ 20,000 ಮಾತ್ರ ಬಂದರೆ ಆ ಬಾಡಿಗೆಯೇ 2.36 ಪರ್ಸೆಂಟ್ ಆಯಿತು. ಅದೇ 2 ಲಕ್ಷ ಬಂದರೆ ಕಾಲು ಪರ್ಸೆಂಟೂ ಇಲ್ಲ. ಕಮ್ಮಿ ವ್ಯಾಪಾರದವರನ್ನು ಸುಲಿಯುವುದು ಆ ಪರ್ಸೆಂಟ್ ಅಲ್ಲ, ಬಾಡಿಗೆ.

ಆ ಪರ್ಸೆಂಟ್‌ಗೆ ಎಮ್‌ಡಿಆರ್ ಅನ್ನುತ್ತಾರೆ, ಅಂದರೆ ಪ್ರತಿ ಬಿಲ್ಲಿಗೆ ಮಷಿನ್ ಕೊಟ್ಟವರು ಹಿಡಿದುಕೊಳ್ಳುವ ಪಾಲು. ರುಪೇ ಡೆಬಿಟ್ ಕಾರ್ಡ್‌ಗೆ 2020ರ ಜನವರಿಯಿಂದ ಇದು ಸೊನ್ನೆ. ಬೇರೆ ಡೆಬಿಟ್ ಕಾರ್ಡ್‌ಗೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ: ವರ್ಷದ ವಹಿವಾಟು 20 ಲಕ್ಷದ ಒಳಗಿನ ಅಂಗಡಿಗೆ ಹೆಚ್ಚೆಂದರೆ 0.40 ಪರ್ಸೆಂಟ್, ಅದಕ್ಕಿಂತ ದೊಡ್ಡವರಿಗೆ 0.90 ಪರ್ಸೆಂಟ್. ಕ್ರೆಡಿಟ್ ಕಾರ್ಡ್‌ಗೆ ಅಂಥ ಮಿತಿ ಇಲ್ಲ. 5,000ದ ಬಿಲ್ಲಿಗೆ 1.8 ಪರ್ಸೆಂಟ್ ಅಂದರೆ 90 ರೂಪಾಯಿ, ಅದರ ಮೇಲೆ ಜಿಎಸ್‌ಟಿ 16 ರೂಪಾಯಿ 20 ಪೈಸೆ. ಕಂಪನಿ ಕಾರ್ಡ್, ವಿದೇಶಿ ಕಾರ್ಡ್ ಆದರೆ ದರ ಇನ್ನೂ ಜಾಸ್ತಿ. ಏಜೆಂಟ್ ಹೇಳುವುದು ಯಾವಾಗಲೂ ಅತಿ ಕಮ್ಮಿ ಇರುವ ದರವನ್ನೇ. ಒಂದೊಂದು ಬಗೆಯ ಕಾರ್ಡ್‌ಗೂ ಎಷ್ಟು ಅಂತ ಕಾಗದದಲ್ಲಿ ಬರೆಸಿಕೊಳ್ಳಿ.

ಈಗ ಒಂದೊಂದಾಗಿ ನೋಡೋಣ.

ಕೀಪ್ಯಾಡ್ ಮಷಿನ್ ಗಟ್ಟಿ. ಕೆಳಗೆ ಬಿದ್ದರೂ ಏನೂ ಆಗಲ್ಲ, ಚಾರ್ಜ್ ಬೆಳಗ್ಗೆಯಿಂದ ರಾತ್ರಿವರೆಗೆ ನಿಲ್ಲುತ್ತದೆ, ಅಂಗಡಿ ಹುಡುಗರಿಗೆ ಹೇಳಿಕೊಡುವುದೇ ಬೇಡ. ತೊಂದರೆ ಬರುವುದು ಮಳೆಗಾಲದಲ್ಲಿ. ನಮ್ಮದರಲ್ಲಿ ಇದ್ದದ್ದು ಒಂದೇ ಸಿಮ್. ಆಷಾಢದ ಮಳೆ ಹೊಡೆಯುವಾಗ ಪರದೆ ಮೇಲೆ "ಕನೆಕ್ಟಿಂಗ್" ಅಂತ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಮಷಿನ್ ಹಿಡಿದು ಅಂಗಡಿ ಮೆಟ್ಟಿಲವರೆಗೆ ಬಂದು, ತಗಡಿನ ಸೂರಿನ ಕೆಳಗೆ ನಿಂತು ಕೈ ಎತ್ತಿ ಹಿಡಿದರೆ ಸಿಗ್ನಲ್ಲಿನ ಒಂದು ಕಡ್ಡಿ ಬರುತ್ತಿತ್ತು. ಗಿರಾಕಿ ಹಿಂದೆಯೇ ಬಂದು ನಿಂತಿರುತ್ತಾರೆ, ಪಿನ್ ಒತ್ತಬೇಕಲ್ಲ. ಜೊತೆಗೆ ನಮಗೆ ಕೊಟ್ಟಿದ್ದ ಮಷಿನ್‌ನಲ್ಲಿ ರಾತ್ರಿ ನಾವೇ ಬ್ಯಾಚ್ ಸೆಟಲ್ ಮಾಡಬೇಕಿತ್ತು, ಅಂದರೆ ಆ ದಿನದ ಕಾರ್ಡ್ ಲೆಕ್ಕ ಮುಗಿಸಿ ಬ್ಯಾಂಕಿಗೆ ಕಳಿಸಬೇಕಿತ್ತು, ಹಾಗೆ ಮಾಡಿದರೆ ಮಾತ್ರ ಮರುದಿನ ದುಡ್ಡು.

ಆಂಡ್ರಾಯ್ಡ್ ಮಷಿನ್‌ಗೆ ಎರಡು ಸಿಮ್ ಹಾಕಬಹುದು, ವೈಫೈ ಕೂಡ ಹಿಡಿಯುತ್ತದೆ. ನಮ್ಮಂಥ ಊರಿಗೆ ಇದೊಂದೇ ಕಾರಣ ಸಾಕು. ಒಂದು ನೆಟ್‌ವರ್ಕ್ ಹೋದರೆ ಇನ್ನೊಂದಕ್ಕೆ ಹೋಗುತ್ತದೆ, ಎರಡೂ ಹೋದರೆ ಅಂಗಡಿಯ ಬ್ರಾಡ್‌ಬ್ಯಾಂಡ್ ಇದೆ. ನನಗೆ ಇನ್ನೂ ಇಷ್ಟವಾದದ್ದು ಬಿಲ್ ಮೊತ್ತದ ಜೊತೆಗೇ ಕ್ಯೂಆರ್ ಪರದೆ ಮೇಲೆ ಬರುವುದು. ಗಿರಾಕಿ 1,450ರ ಬದಲು 145 ಹೊಡೆಯುವ ಗೊಂದಲವೇ ಇಲ್ಲ. ಕಾರ್ಡ್, ಯುಪಿಐ ಎರಡರ ಲೆಕ್ಕವೂ ಒಂದೇ ಪಟ್ಟಿಯಲ್ಲಿ ಸಿಗುತ್ತದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿ, ಎಷ್ಟೋ ಅಂಗಡಿಗಳ ಮುಂದೆ "ನೋ ಯುಪಿಐ" ಅಂತ ಬೋರ್ಡ್ ಬಿತ್ತಲ್ಲ, ಆಮೇಲೆ ಈ ಪಟ್ಟಿಯ ಬೆಲೆ ಏನು ಅಂತ ಎಲ್ಲರಿಗೂ ಗೊತ್ತಾಗಿದೆ. ಕೊರತೆ ಅಂದರೆ ಬ್ಯಾಟರಿ. ಪರದೆ ದೊಡ್ಡದು, ಸಂಜೆಗೆಲ್ಲ ಖಾಲಿ. ಕರೆಂಟ್ ಹೋದ ದಿನ ಪವರ್ ಬ್ಯಾಂಕ್ ಇಲ್ಲದಿದ್ದರೆ ಕಷ್ಟ. ಬಾಡಿಗೆಯೂ ಕೀಪ್ಯಾಡಿಗಿಂತ ಜಾಸ್ತಿ.

ಟ್ಯಾಪ್ ಸೌಂಡ್‌ಬಾಕ್ಸ್ ಬೇರೆ ಜನಕ್ಕೆ. ಪೇಟಿಎಂ 2023ರಲ್ಲಿ ಇಂಥದ್ದನ್ನು ತಂದಿತು. ಪಿನ್ ಒತ್ತಲು ಕೀಲಿಯೇ ಇಲ್ಲ, ಹಾಗಾಗಿ 5,000ದವರೆಗೆ ಮಾತ್ರ, ಅದಕ್ಕಿಂತ ಮೇಲೆ ಪಿನ್ ಕಡ್ಡಾಯ. ನಮ್ಮ ಸೀರೆ ಬಿಲ್ 5,200 ಆದರೆ ಅಲ್ಲಿಗೆ ಮುಗಿಯಿತು. ಎರಡು ಸಲ ಟ್ಯಾಪ್ ಮಾಡಿ ಅಂದರೆ ಗಿರಾಕಿ ಅನುಮಾನದಿಂದ ನೋಡುತ್ತಾರೆ, ಅದು ಸಹಜವೇ ಅಲ್ವಾ? ಇನ್ನೊಂದು ವಿಷಯ, ಹೊಸ ಕಾರ್ಡ್‌ಗಳಲ್ಲಿ ಟ್ಯಾಪ್ ಸೌಲಭ್ಯವನ್ನು ಕಾರ್ಡ್ ಇಟ್ಟುಕೊಂಡವರೇ ಆನ್ ಮಾಡಿಕೊಳ್ಳಬೇಕು, ಎಷ್ಟೋ ಜನ ಮಾಡಿರುವುದಿಲ್ಲ. ಆದರೆ ಬೇಕರಿ, ಜ್ಯೂಸ್ ಅಂಗಡಿ, ಮೆಡಿಕಲ್ ಶಾಪ್ ಅಂಥವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ದುಡ್ಡು ಬಂತು ಅಂತ ಕನ್ನಡದಲ್ಲೇ ಕೂಗುತ್ತದೆ, ಗಲಾಟೆಯಲ್ಲೂ ಕೇಳಿಸುತ್ತದೆ.

ಮೊಬೈಲ್ ಆ್ಯಪ್‌ಗೆ ಎನ್‌ಎಫ್‌ಸಿ (ಟ್ಯಾಪ್ ಮಾಡಿದ ಕಾರ್ಡನ್ನು ಓದುವ ಸೌಲಭ್ಯ) ಇರುವ ಫೋನ್ ಬೇಕು, ಬೇರೇನೂ ಬೇಡ. ನಮ್ಮೂರ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಆಗ ಹಾಕುವ ಮಳಿಗೆಗೆ ಇದು ಸರಿ. ದಿನಾ ಬಳಸಲು ನನಗೆ ಒಗ್ಗಲಿಲ್ಲ. ಅಂಗಡಿಯವನ ಫೋನ್ ಮೇಲೆ ಪಿನ್ ಒತ್ತಲು ಜನ ಹಿಂಜರಿಯುತ್ತಾರೆ, ನಡುವೆ ಫೋನ್ ಕಾಲ್ ಬೇರೆ ಬರುತ್ತದೆ.

ಯಾವ ಮಷಿನ್ ಆದರೂ ಒಂದಲ್ಲ ಒಂದು ದಿನ ಗಿರಾಕಿ ಖಾತೆಯಿಂದ ದುಡ್ಡು ಕಟ್ ಆಗಿ ನಮ್ಮ ಸ್ಲಿಪ್ ಬರುವುದಿಲ್ಲ. ಆಗ ಜಗಳ ಬೇಡ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ಅದು ತಾನಾಗಿ ವಾಪಸ್ ಹೋಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಗಿರಾಕಿಗೆ. ಆಂಡ್ರಾಯ್ಡ್ ಮಷಿನ್‌ನಲ್ಲಿ ಫೇಲ್ ಆದ ವಹಿವಾಟಿನ ಸ್ಥಿತಿಯನ್ನು ಅಲ್ಲೇ ತೆಗೆದು ತೋರಿಸಬಹುದು, ಹೊರಗಿನಿಂದ ಬಂದವರಿಗೆ ಅದು ದೊಡ್ಡ ಸಮಾಧಾನ. ಕೀಪ್ಯಾಡ್‌ನಲ್ಲಿ ನಾನು ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿ ಕೂರಬೇಕಿತ್ತು.

ನಮ್ಮ ಗಲ್ಲಾದಲ್ಲಿ ಈಗ ಇರುವುದು ಆಂಡ್ರಾಯ್ಡ್. ಸರಾಸರಿ ಬಿಲ್ ಸಾವಿರ ದಾಟುವ, ಹೊರಗಿನ ಗಿರಾಕಿ ಇರುವ ಅಂಗಡಿಗೆ ನಾನು ಅದನ್ನೇ ಹೇಳುತ್ತೇನೆ. ಬಿಲ್ ನೂರಿನ್ನೂರು ಇರುವವರು ಅದಕ್ಕೆ ಸುಮ್ನೆ ಬಾಡಿಗೆ ಕಟ್ಟಬೇಡಿ, ಟ್ಯಾಪ್ ಸೌಂಡ್‌ಬಾಕ್ಸ್ ಸಾಕು.

ಹಳೇ ಮಷಿನ್ ಬಿಡುವಾಗ ಮಾತ್ರ ಹುಷಾರು. ನಾವು ವಾಪಸ್ ಕೊಟ್ಟ ಮೇಲೂ ಕರೆಂಟ್ ಅಕೌಂಟ್‌ನಿಂದ ಬಾಡಿಗೆ ಹೋಗುತ್ತಲೇ ಇತ್ತು. ಮಷಿನ್ ಒಯ್ಯಲು ಬಂದವರ ಕೈಯಲ್ಲಿ ಸೀರಿಯಲ್ ನಂಬರ್, ಟಿಐಡಿ (ಬ್ಯಾಂಕ್ ಮಷಿನ್‌ಗೆ ಕೊಟ್ಟಿರುವ ಗುರುತಿನ ನಂಬರ್), ತಾರೀಖು ಬರೆಸಿ ಸಹಿ ಹಾಕಿಸಿಕೊಂಡಿದ್ದ ಚೀಟಿ ಇತ್ತು, ಅದನ್ನು ತೋರಿಸಿದ ಮೇಲೆ ಕಡಿತ ನಿಂತಿತು, ಹೋಗಿದ್ದ ದುಡ್ಡೂ ವಾಪಸ್ ಬಂತು. ಅದರ ಜೊತೆಗೆ ಬ್ಯಾಂಕಿಗೆ ಹೋಗಿ ಆಟೋ ಡೆಬಿಟ್ ರದ್ದು ಮಾಡಿಸಿ.