ಧೂಳಿನ ಅಲರ್ಜಿಗೆ ಫ್ಲುಟಿಕಸೋನ್ ಸ್ಪ್ರೇ: ಕೆಲವು ವರ್ಷ ಬಳಸಿದ ಮೇಲೆ

ಈ ಸ್ಪ್ರೇ ಕೆಲಸ ಮಾಡುತ್ತದೆ. ಆದರೆ ಒಂದೇ ದಿನದಲ್ಲಿ ಅಲ್ಲ, ನೆನಪಾದಾಗ ಮಾತ್ರ ಹೊಡೆದರೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ದಿನ ಬಳಸಿ "ಏನೂ ಪ್ರಯೋಜನ ಇಲ್ಲ" ಎಂದು ಮೂಲೆಗಿಟ್ಟವರನ್ನು ತುಂಬಾ ನೋಡಿದ್ದೇನೆ.

ನಾನು ಬೆಂಗಳೂರಿನ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಒಳಗೆ ಹಳೇ ಪುಸ್ತಕದ ಧೂಳು, ಹೊರಗೆ ರಸ್ತೆಯ ಧೂಳು, ಮಳೆ ಬಿದ್ದ ಮೇಲೆ ಖಾಲಿ ಸೈಟುಗಳಲ್ಲಿ ಹೂಬಿಡುವ ಕಾಂಗ್ರೆಸ್ ಗಿಡ. ಬೆಳಗ್ಗೆ ಎದ್ದ ಕೂಡಲೇ ಸಾಲು ಸಾಲು ಸೀನು, ನೀರಿನಂತೆ ಸೋರುವ ಮೂಗು, ಕಣ್ಣು ತುರಿಕೆ. ರಾತ್ರಿ ಮೂಗು ಕಟ್ಟಿ ಬಾಯಲ್ಲೇ ಉಸಿರಾಟ. ಮಾಮೂಲಿ ನೆಗಡಿ ವಾರ ಹತ್ತು ದಿನದಲ್ಲಿ ಹೋಗುತ್ತದೆ, ಇದು ಹೋಗುವುದೇ ಇಲ್ಲ. "ಬರೀ ಸೀನು ತಾನೇ" ಎನ್ನುವವರ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ. ಸರಿಯಾಗಿ ನಿದ್ದೆಯಿಲ್ಲದೆ ದಿನವಿಡೀ ಕೆಲಸ ಮಾಡುವುದು ಸಣ್ಣ ಕಷ್ಟವಲ್ಲ.

ಸೆಟಿರಿಜಿನ್ ಮಾತ್ರೆಯಿಂದ ಸೀನು, ತುರಿಕೆ ಕಡಿಮೆಯಾಗುತ್ತಿತ್ತು. ಆದರೆ ತೂಕಡಿಕೆ ಜಾಸ್ತಿ, ಮೂಗು ಕಟ್ಟುವುದಕ್ಕೆ ಅಷ್ಟೇನೂ ಉಪಯೋಗವಿಲ್ಲ. ಮೂಗನ್ನು ನಿಮಿಷಗಳಲ್ಲಿ ಬಿಡಿಸುವ ಆಕ್ಸಿಮೆಟಾಜೊಲಿನ್, ಕ್ಸೈಲೋಮೆಟಾಜೊಲಿನ್ ಡ್ರಾಪ್ಸ್ ಬೇರೆಯೇ ಔಷಧ. ಇಎನ್‌ಟಿ ಡಾಕ್ಟರ್ ಅದರ ಬಗ್ಗೆ ಖಡಕ್ಕಾಗಿ ಹೇಳಿದ್ದರು: ಕೆಲವು ದಿನ ಮಾತ್ರ. ವಾರಗಟ್ಟಲೆ ಹಾಕುತ್ತಾ ಹೋದರೆ ಆ ಡ್ರಾಪ್ಸ್‌ನಿಂದಲೇ ಮೂಗು ಮತ್ತೆ ಕಟ್ಟಲು ಶುರುವಾಗುತ್ತದೆ. ಆ ಡ್ರಾಪ್ಸ್, ಈ ಫ್ಲುಟಿಕಸೋನ್ ಸ್ಪ್ರೇ ಎರಡೂ ಚಿಕ್ಕ ಬಾಟಲಿ, ಎರಡೂ ಮೂಗಿಗೆ, ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಜನ ಒಂದೇ ಅಂದುಕೊಳ್ಳುತ್ತಾರೆ. ಕೊಳ್ಳುವಾಗ ಔಷಧದ ಹೆಸರನ್ನು ದಯವಿಟ್ಟು ಓದಿ.

ಫ್ಲುಟಿಕಸೋನ್ ಸ್ಟಿರಾಯ್ಡ್. ಈ ಪದ ಕೇಳಿದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಭಯ. ಅಮ್ಮನಿಗಂತೂ ಈಗಲೂ ಪೂರ್ತಿ ಸಮಾಧಾನವಿಲ್ಲ. ಆದರೆ ಇದು ಮೂಗಿನೊಳಗಿನ ಊತದ ಮೇಲೆ ಅಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಸ್ಟಿರಾಯ್ಡ್ ಮಾತ್ರೆ ನುಂಗಿದಂತಲ್ಲ. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ನನಗೆ ಮೊದಲು ಸೀನು ಇಳಿಯಿತು. ಆಮೇಲೆ ಮೂಗು ಬಿಟ್ಟಿತು. ಕಣ್ಣಿನ ತುರಿಕೆಯೂ ತಗ್ಗಿತು, ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಮೂಗಿನಲ್ಲಿ ಉಸಿರಾಡುತ್ತಾ ಮಲಗಿ ಏಳುವುದು ಎಷ್ಟು ದೊಡ್ಡ ವಿಷಯ ಎಂದು ಈ ಕಾಯಿಲೆ ಇರುವವರಿಗೇ ಗೊತ್ತು ಅಲ್ವಾ?

ಹೊಡೆಯುವ ರೀತಿ ಮುಖ್ಯ. ಮೊದಲು ಮೂಗು ಸೀಟಿ, ಬಾಟಲಿ ಅಲ್ಲಾಡಿಸಿ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಆಗ ತುದಿ ತಾನಾಗಿಯೇ ಕಿವಿಯ ಕಡೆ ತಿರುಗುತ್ತದೆ, ಮೂಗಿನ ನಡುಗೋಡೆಗೆ ಹೊಡೆಯುವುದಿಲ್ಲ. ಆ ಗೋಡೆಗೇ ದಿನಾ ಬಿದ್ದರೆ ಅಲ್ಲಿ ಒಣಗಿ ರಕ್ತ ಬರಬಹುದು. ಜೋರಾಗಿ ಎಳೆಯಬೇಡಿ, ಮೆಲ್ಲಗೆ ಉಸಿರೆಳೆದರೆ ಸಾಕು. ಜೋರಾಗಿ ಎಳೆದರೆ ಔಷಧ ಗಂಟಲಿಗೆ ಹೋಗಿ ಕಹಿ ಉಳಿಯುತ್ತದೆ. ಹೊಸ ಬಾಟಲಿಯನ್ನು ಸಣ್ಣ ಮಂಜು ಬರುವವರೆಗೆ ಗಾಳಿಯಲ್ಲಿ ಒತ್ತಿ, ಆಮೇಲೆ ಬಳಸಿ. ಲೇಬಲ್ಲಿನಲ್ಲಿರುವಷ್ಟು ಸ್ಪ್ರೇ ಮುಗಿದ ಮೇಲೆ ತಳದಲ್ಲಿ ಔಷಧ ಕಂಡರೂ ಎಸೆಯಬೇಕು, ಡೋಸ್ ಸರಿಯಾಗಿ ಬರುವುದಿಲ್ಲ.

ಇದರಲ್ಲಿ ಎರಡು ಬಗೆ ಇವೆ. ಫ್ಲುಟಿಕಸೋನ್ ಪ್ರೊಪಿಯೊನೇಟ್‌ನಲ್ಲಿ ಒಂದು ಸಲ ಒತ್ತಿದರೆ 50 ಮೈಕ್ರೋಗ್ರಾಂ, ಹೂವಿನಂಥ ಒಂದು ವಾಸನೆ. ಪರಿಮಳವೇ ಆಗದ ನನ್ನಂಥವರಿಗೆ ಅದು ಕಿರಿಕಿರಿ. ಫ್ಲುಟಿಕಸೋನ್ ಫ್ಯುರೋಯೇಟ್‌ನಲ್ಲಿ 27.5 ಮೈಕ್ರೋಗ್ರಾಂ, ಆ ವಾಸನೆಯಿಲ್ಲ. ಡಾಕ್ಟರ್ ಒಪ್ಪಿದ ಮೇಲೆ ಅದಕ್ಕೆ ಬದಲಾದೆ, ನನಗೆ ಇದೇ ಇಷ್ಟ. ಚಳಿಗಾಲದ ಒಣ ಗಾಳಿಯಲ್ಲಿ ಒಮ್ಮೊಮ್ಮೆ ರಕ್ತದ ಗೆರೆ ಬರುತ್ತದೆ, ಆಗ ಡಾಕ್ಟರ್ ಹೇಳಿದಂತೆ ಒಂದೆರಡು ದಿನ ನಿಲ್ಲಿಸುತ್ತೇನೆ.

ಸ್ಪ್ರೇಗೆ ಮೊದಲು ಉಪ್ಪುನೀರಿನಲ್ಲಿ ಮೂಗು ತೊಳೆದರೆ ಇನ್ನೂ ಚೆನ್ನ. ಜಲನೇತಿ ಪಾತ್ರೆಯಾದರೂ ಸರಿ, ಒತ್ತುವ ಬಾಟಲಿಯಾದರೂ ಸರಿ. ನೀರು ಮಾತ್ರ ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿ ನೀರು ಬೇಡವೇ ಬೇಡ. ಮೆದುಳು ತಿನ್ನುವ ಅಮೀಬಾ ಒಳಹೋಗುವುದು ಮೂಗಿನಿಂದಲೇ. ಕೇರಳದಲ್ಲಿ ಅದರಿಂದ ಸಾವುಗಳಾಗಿವೆ. ಹಾಸಿಗೆಯ ಧೂಳುಹುಳುವಿಗೆ ಈ ಯಾವುದೂ ಮದ್ದಲ್ಲ, ದಿಂಬಿನ ಕವರ್, ಬೆಡ್‌ಶೀಟು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಲೇಬೇಕು.

ಸುಮ್ನೆ ಯಾರೋ ಹೇಳಿದರೆಂದು ತಂದು ಶುರು ಮಾಡಬೇಡಿ. ಕಣ್ಣಿನ ಪೊರೆ ಅಥವಾ ಗ್ಲಾಕೋಮಾ ಇದ್ದರೆ ಡಾಕ್ಟರಿಗೆ ಮೊದಲೇ ತಿಳಿಸಿ. ಒಂದೇ ಹೊಳ್ಳೆ ಸದಾ ಕಟ್ಟಿರುತ್ತದೆ ಎಂದರೆ ಸ್ಪ್ರೇ ಕೊಳ್ಳುವ ಮೊದಲು ತೋರಿಸಿ. ಮಕ್ಕಳ ಡೋಸ್ ಬೇರೆ, ದೀರ್ಘಕಾಲ ಕೊಡುವಾಗ ಅವರ ಎತ್ತರವನ್ನೂ ಡಾಕ್ಟರ್ ಆಗಾಗ ನೋಡುತ್ತಿರಬೇಕು.